ಬರಿಗೈಯಲ್ಲಿ ಮುಟ್ಟಿದ ಬಟ್ಟು

ಬೀದಿಯವರೆಲ್ಲ ಅವರನ್ನು ತಕ್ಕಡಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಔಷಧಿ ಅಂಗಡಿಗಳ, ಪ್ರಯೋಗಾಲಯಗಳ ಸೂಕ್ಷ್ಮ ತಕ್ಕಡಿಗಳನ್ನು ಸರಿಪಡಿಸುವ ಅಂಗಡಿ ಇಟ್ಟುಕೊಂಡವರು. ತಕ್ಕಡಿ ತಂದವರನ್ನು ಕಾಲು ಗಂಟೆ ನಿಲ್ಲಿಸಿ ಪಾಠ ಹೇಳದೆ ಬಿಡುತ್ತಿರಲಿಲ್ಲ, ಹಾಗಾಗಿ ಆ ಹೆಸರು ಅಂಟಿಕೊಂಡಿತ್ತು.

ಪಾಠದ ಮೊದಲ ಸಾಲು ಯಾವಾಗಲೂ ಒಂದೇ: ಮೂಲ ಬಟ್ಟನ್ನು ಬರಿಗೈಯಲ್ಲಿ ಮುಟ್ಟಬಾರದು. ನೀಲಿ ಮಖಮಲ್ ಹಾಸಿದ ಮರದ ಪೆಟ್ಟಿಗೆಯಲ್ಲಿ ತಕ್ಕಡಿಗಳನ್ನು ಪರೀಕ್ಷಿಸಲು ಬಳಸುವ ಆ ತೂಕದ ಬಟ್ಟುಗಳು ಒಂದೊಂದೂ ತನ್ನ ಗುಳಿಯಲ್ಲಿ ಕೂತಿರುತ್ತಿದ್ದವು. ಅವುಗಳನ್ನು ಎತ್ತುವುದು ಚಿಮುಟದಿಂದ ಮಾತ್ರ. ಬೆರಳಿನ ಜಿಡ್ಡು ತಾಗಿದರೆ ಬಟ್ಟು ಎಳ್ಳಷ್ಟರಲ್ಲಿ ಎಳ್ಳಷ್ಟು ಭಾರವಾಗುತ್ತದೆ, ಆಮೇಲೆ ಅದನ್ನು ನಂಬಿದ ತಕ್ಕಡಿಗಳೆಲ್ಲ ಸುಳ್ಳು ಹೇಳುತ್ತವೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಧೂಳು ಒರೆಸುತ್ತ ಒಂದು ಬಟ್ಟನ್ನು ಕೈಯಲ್ಲಿ ಎತ್ತಿಟ್ಟಿದ್ದಳು. ಮೇಷ್ಟ್ರು ಮೂರು ದಿನ ಮಾತು ಬಿಟ್ಟಿದ್ದರು. "ಹಿಟ್ಟಿನ ಕೈಲಿ ಮುಟ್ಟಿದ್ರೆ ತವರಿಗೇ ಕಳಿಸಿಬಿಡ್ತಿದ್ರು" ಎಂದು ಅವಳು ಇಂದಿಗೂ ನೆಂಟರ ಮುಂದೆ ಹೇಳಿ ನಗುತ್ತಿದ್ದಳು.

ಇಂಥವರ ಬಲಗೈಗೇ ನಡುಕ ಬಂತು. ಆರು ವರ್ಷ ಮಾತ್ರೆಗಳು ತಡೆದವು, ಆಮೇಲೆ ಅವೂ ಕೈಚೆಲ್ಲಿದವು. ಕೊನೆಗೆ ಮಿದುಳಿನ ಆಳಕ್ಕೆ ಎರಡು ತಂತಿ ಇಳಿಸಿ, ಎದೆಯ ಚರ್ಮದಡಿ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ಇಟ್ಟರು. ಅದು ಹಗಲೂ ರಾತ್ರಿ ಸಣ್ಣಗೆ ವಿದ್ಯುತ್ ಹರಿಸುತ್ತಿತ್ತು. ನಡುಕ ನಿಂತಿತು. ಮಾತ್ರೆಗಳನ್ನು ಅರ್ಧಕ್ಕೂ ಕಡಿಮೆ ಮಾಡಿದರು.

ಮೇಷ್ಟ್ರು ಒಂದು ಪುಸ್ತಕ ಮಾಡಿದರು. ಪ್ರತಿ ಬೆಳಿಗ್ಗೆ ಹತ್ತು ಹಳೆಯ ಪುಟ್ಟ ಬಟ್ಟುಗಳನ್ನು ಚಿಮುಟದಲ್ಲಿ ಹಿಡಿದು ತಟ್ಟೆಗಿಡುವುದು, ಎಷ್ಟು ಸೆಕೆಂಡು, ಎಷ್ಟು ಬಿದ್ದವು ಎಂದು ಬರೆಯುವುದು. ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಯಂತ್ರದ ಕರೆಂಟು ಸರಿಹೊಂದಿಸುವ ಸಿಸ್ಟರ್ ಆ ಪುಸ್ತಕ ನೋಡಿ ಖುಷಿಪಡುತ್ತಿದ್ದಳು. ಎರಡು ಬಿದ್ದಿವೆಯೇ? ಸ್ವಲ್ಪ ಏರಿಸೋಣ. ಒಂದು ಬಿದ್ದಿದೆಯೇ? ಇನ್ನೊಂದು ಚೂರು. ಐದನೆಯ ತಿಂಗಳಿಗೆ ಒಂದೂ ಬೀಳಲಿಲ್ಲ.

ಆ ಸೊನ್ನೆಯನ್ನು ಬರೆದಾಗ ಮೇಷ್ಟ್ರಿಗೆ ಏನೂ ಅನಿಸಲಿಲ್ಲ. ಅನಿಸಲಿಲ್ಲ ಎಂಬುದನ್ನು ಅವರು ಗಮನಿಸಿದರು, ಅಷ್ಟೇ. ಊಟ ಒಳಗೆ ಹೋಗುತ್ತಿತ್ತು. ಮಾತು ಒದ್ದೆ ಬಟ್ಟೆಯ ಹಾಗೆ ನಾಲಿಗೆಗೆ ಅಂಟುತ್ತಿತ್ತು. ಮಗಳು ಫೋನಿನಲ್ಲಿ ತಾನು ಬಸುರಿ ಎಂದಾಗ "ಸರಿ" ಎಂದು ಹೇಳಿ ಫೋನನ್ನು ಹೆಂಡತಿಗೆ ಕೊಟ್ಟರು. ಗೋಡೆಯ ಆಚೆ ಯಾರದೋ ಮನೆಯಲ್ಲಿ ರೇಡಿಯೋ ಹಾಡುತ್ತಿರುವಂತೆ ಎಲ್ಲವೂ ಕೇಳಿಸುತ್ತಿತ್ತು.

ಒಂದು ಬೆಳಿಗ್ಗೆ ಔಷಧಿ ಅಂಗಡಿಯವನು ತಕ್ಕಡಿ ತಂದ. ಚಿಮುಟ ಮೇಜಿನ ಆ ತುದಿಯಲ್ಲಿತ್ತು. ಮೇಷ್ಟ್ರು ನೂರು ಗ್ರಾಮಿನ ಮೂಲ ಬಟ್ಟನ್ನು ಎರಡು ಬೆರಳಲ್ಲಿ ಎತ್ತಿ ತಟ್ಟೆಗಿಟ್ಟರು, ಮುಳ್ಳು ನೋಡಿದರು, ಬಟ್ಟನ್ನು ಅಂಗಿಗೆ ಒರೆಸಿ ಪೆಟ್ಟಿಗೆಗೆ ಹಾಕಿದರು.

"ಮೇಷ್ಟ್ರೇ! ಮತ್ತೆ ಇಪ್ಪತ್ತು ವರ್ಷದಿಂದ ನನಗ್ಯಾಕೆ ಬೈದಿದ್ದು?"

"ಚಿಮುಟ ದೂರ ಇತ್ತು."

"ದೂರ ಇತ್ತಂತೆ! ಇದನ್ನ ನಾನು ಹೇಳಿದ್ದಿದ್ರೆ ನನ್ನ ಚರ್ಮ ಸುಲೀತಿದ್ರಿ."

ಟೀ ತಂದ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಗಿರಾಕಿ ಹೋದ ಮೇಲೆ ಚಿಮುಟದಿಂದ ಆ ಬಟ್ಟನ್ನು ಎತ್ತಿ, ಕಾಗದದಲ್ಲಿ ಸುತ್ತಿ, ಮೇಲೆ "ಮುಟ್ಟಿದ್ದು" ಎಂದು ಬರೆದು ಕಪಾಟಿನಲ್ಲಿಟ್ಟಳು. ಆಮೇಲೆ ಆಸ್ಪತ್ರೆಗೆ ಫೋನು ಮಾಡಿದಳು.

"ಯಾಕೆ? ಕೈ ಚೆನ್ನಾಗಿದೆಯಲ್ಲ" ಎಂದರು ಮೇಷ್ಟ್ರು.

"ಕೈ ವಾಪಸ್ ಬಂತು ರೀ. ಕೈಯ ಯಜಮಾನರು ಬರಲಿಲ್ಲ."

ಆಸ್ಪತ್ರೆಯಲ್ಲಿ ಸಿಸ್ಟರ್ ಎಲ್ಲ ಕೇಳಿಸಿಕೊಂಡು ಹಳೆಯ ಹಾಳೆಗಳನ್ನು ತಿರುವಿದಳು. "ಪ್ರತಿ ಸಲ ಕೇಳಿದೀನಿ ಸಾರ್. ಬೇಜಾರಾಗ್ತಿದೆಯಾ ಅಂತ. ಇಲ್ಲ ಅಂದಿದೀರ."

"ಬೇಜಾರು ಇರಲಿಲ್ಲ. ಖುಷಿ ಇದೆಯಾ ಅಂತ ನೀವು ಕೇಳಲಿಲ್ಲ."

"ನಾವೇ ಹುಡುಕಿ ಕೇಳಬೇಕಿತ್ತು" ಎಂದಳು ಸಿಸ್ಟರ್.

"ಇವರು ಹೀಗೇ ಕಣಮ್ಮ" ಎಂದಳು ಹೆಂಡತಿ. "ಗಡಿಯಾರ ಇದೆಯಾ ಅಂದ್ರೆ ಇದೆ ಅಂತಾರೆ. ಗಂಟೆ ಎಷ್ಟು ಅಂತ ಬೇರೆ ಕೇಳಬೇಕು."

ಡಾಕ್ಟರು ಬಂದು ಕೂತು ನಿಧಾನವಾಗಿ ವಿವರಿಸಿದರು. ಕರೆಂಟು ಹೆಚ್ಚಾಗಿ ಪಕ್ಕದ ಭಾಗಕ್ಕೂ ತಾಗುತ್ತಿರಬಹುದು, ನಾಲಿಗೆ ಅದಕ್ಕೇ ತೊಡರುತ್ತಿದೆ. ಮಾತ್ರೆ ಬೇಗ ಇಳಿಸಿದಾಗ ಕೆಲವರಿಗೆ ಆಸಕ್ತಿಯೇ ಆರಿಹೋಗುತ್ತದೆ. ಕರೆಂಟು ಇಳಿಸಬಹುದು, ಮಾತ್ರೆಯನ್ನು ಸ್ವಲ್ಪ ಏರಿಸಬಹುದು. ಆದರೆ ನಡುಕ ಒಂದಿಷ್ಟು ಮರಳಿ ಬರಬಹುದು.

"ಎಷ್ಟು?"

"ಮೊದಲೇ ಹೇಳೋಕಾಗಲ್ಲ. ನಿಮ್ಮ ಇಷ್ಟ ಏನು, ಹೇಳಿ."

ಕೈ ಹೋದರೆ ಅಂಗಡಿಯೂ ಹೋಯಿತು. ಮೇಷ್ಟ್ರಿಗೆ ಅದು ತಿಳಿದಿತ್ತು. ಒಂದು ತಟ್ಟೆಯಲ್ಲಿ ಅಂಗಡಿ, ಇನ್ನೊಂದರಲ್ಲಿ ಗೋಡೆಯಾಚೆಯ ರೇಡಿಯೋದಂಥ ಈ ಬದುಕಿನಿಂದ ಬಿಡುಗಡೆ. ಇಷ್ಟವನ್ನು ಒಳಗೆ ಹುಡುಕಿದರು. ಇಷ್ಟ ಇರಬೇಕಾದ ಗುಳಿ ಖಾಲಿಯಿತ್ತು. ಆಗ ನೆನಪಾದದ್ದು ತಾವೇ ಸಾವಿರ ಸಲ ಹೇಳಿದ್ದ ಪಾಠ: ಮುಳ್ಳು ಸೊನ್ನೆಯಿಂದ ಸರಿದ ತಕ್ಕಡಿ ಎಲ್ಲವನ್ನೂ ತೂಗುತ್ತದೆ, ತನ್ನ ತಪ್ಪನ್ನು ಮಾತ್ರ ತೂಗಲಾರದು.

"ಅವಳನ್ನ ಕೇಳಿ" ಎಂದರು.

"ಕೈ ನಿಮ್ಮದಲ್ಲವಾ?"

"ನನ್ನದೇ. ಆದ್ರೆ ನನ್ನ ಮುಳ್ಳು ಸೊನ್ನೇಲಿಲ್ಲ. ನಾನು ಹೇಳೋದನ್ನ ನಂಬೋ ಹಾಗಿಲ್ಲ. ಹೊರಗಿಂದ ಒಂದು ಬಟ್ಟು ಬೇಕು. ಅವಳು ಹೇಳಿದ್ದಕ್ಕೆ ನನ್ನ ಒಪ್ಪಿಗೆ."

ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಕೈ ನಡುಗುತ್ತಿದ್ದ ದಿನಗಳಲ್ಲಿ ಗಂಡ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದನ್ನು ಅವಳು ಕೇಳಿಸಿಕೊಂಡಿದ್ದಳು.

"ಇಳಿಸಿ ಡಾಕ್ಟ್ರೇ" ಎಂದಳು. "ಕೈ ನಡುಗಿದ್ರೆ ಬಟ್ಟು ನಾನಿಡ್ತೀನಿ. ಚಿಮುಟದಲ್ಲೇ ಇಡ್ತೀನಿ, ಹೆದರಬೇಡಿ ಅನ್ನಿ ಇವರಿಗೆ."

ಸಿಸ್ಟರ್ ಕೈಯಲ್ಲಿದ್ದ ಪುಟ್ಟ ಪರದೆಯ ಮೇಲೆ ಅಂಕಿ ಇಳಿಸಿದಳು. ಮೇಷ್ಟ್ರಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. "ವಾರಗಳೇ ಹಿಡಿಯುತ್ತೆ. ಮುಂದಿನ ಸಲ ಪುಸ್ತಕದಲ್ಲಿ ಇನ್ನೊಂದು ಕಾಲಂ ಇರಲಿ. ಅದನ್ನ ಅಮ್ಮ ಬರೀಲಿ" ಎಂದಳು.

ಅಮ್ಮ ಬರೆದಳು. ಮೊದಲ ವಾರ: ಸುಮ್ಮನಿದ್ದರು. ಎರಡನೆಯ ವಾರ: ಸುಮ್ಮನಿದ್ದರು, ಮಾತು ಸ್ವಲ್ಪ ಸ್ಪಷ್ಟ. ಮೂರನೆಯ ವಾರ: ಸುಮ್ಮನಿದ್ದರು. ಅದರ ಪಕ್ಕದಲ್ಲಿ ಮೇಷ್ಟ್ರ ಕಾಲಂ: ಹತ್ತರಲ್ಲಿ ಮೂರು ಬಿದ್ದವು. ಹತ್ತರಲ್ಲಿ ನಾಲ್ಕು. ಮಾತ್ರೆಯನ್ನು ಇನ್ನೊಂದಿಷ್ಟು ಏರಿಸಿದ ಮೇಲೆ ಮತ್ತೆ ಮೂರು. ಅಂಕಿಗಳನ್ನು ಬರೆಯುವಾಗ ಅವರಿಗೆ ದುಃಖವೂ ಆಗಲಿಲ್ಲ. ಸೂಕ್ಷ್ಮ ಕೆಲಸಕ್ಕೆ ಹೆಂಡತಿ ಪಕ್ಕದಲ್ಲಿ ಕೂರತೊಡಗಿದಳು. ಅವರು "ಐವತ್ತು" ಎನ್ನುವರು, ಅವಳು ಇಡುವಳು. ಅವರು ಮುಳ್ಳು ನೋಡುವರು.

ಏಳನೆಯ ವಾರ, ಒಂದು ಮಧ್ಯಾಹ್ನ, ಇಪ್ಪತ್ತು ಗ್ರಾಮಿನ ಬಟ್ಟು ಅವಳ ಚಿಮುಟದಿಂದ ಜಾರಿತು. ಅದು ನೆಲ ಮುಟ್ಟುವ ಮೊದಲೇ ಅವಳು ಅಂಗೈಯಲ್ಲಿ ಹಿಡಿದುಬಿಟ್ಟಳು.

"ಅಯ್ಯೋ, ಮುಟ್ಟಬೇಡ ಕಣೇ! ಜಿಡ್ಡು!"

ಮಾತು ತೊಡರಲಿಲ್ಲ. ಅವಳ ಅಂಗೈಯಲ್ಲಿ ಬಟ್ಟು ಹೊಳೆಯುತ್ತಿತ್ತು.

"ಬಿದ್ದಿದ್ರೆ ಚೆನ್ನಾಗಿತ್ತಾ?" ಎಂದಳು ಅವಳು, ಮೆಲ್ಲಗೆ.

ಮೇಷ್ಟ್ರು ಪೆಟ್ಟಿಗೆಯನ್ನು ನೋಡುತ್ತಿದ್ದರು. ಮಖಮಲ್ಲಿನಲ್ಲಿ ಇಪ್ಪತ್ತರ ಗುಳಿಯಲ್ಲದೆ ಇನ್ನೊಂದು ಗುಳಿಯೂ ಖಾಲಿಯಿತ್ತು. ಎರಡು ತಿಂಗಳು ದಿನವೂ ಆ ಪೆಟ್ಟಿಗೆಯನ್ನು ತೆರೆದಿದ್ದರು. ಅದು ಖಾಲಿಯೆಂದು ಕಣ್ಣಿಗೆ ಬಿದ್ದಿತ್ತು, ಕೇಳಬೇಕೆನಿಸಿರಲಿಲ್ಲ.

"ನೂರು ಗ್ರಾಮಿಂದು ಎಲ್ಲಿ?"

"ಕಪಾಟಲ್ಲಿ. ನೀವೇ ಮುಟ್ಟಿದ್ರಿ. ಅಂಗಿಗೆ ಬೇರೆ ಒರೆಸಿದ್ರಿ."

"ನಾನಾ?" ಅವರ ಮುಖ ಸಣ್ಣಗಾಯಿತು. "ಎರಡನ್ನೂ ಮರುಪರೀಕ್ಷೆಗೆ ಕಳಿಸಬೇಕು. ಇವತ್ತೇ."

ಮೇಜಿನ ಮೇಲಿದ್ದ ಅವರ ಬಲಗೈ ಸಣ್ಣಗೆ ನಡುಗುತ್ತಿತ್ತು. ಹೆಂಡತಿ ಬಟ್ಟನ್ನು ಕಾಗದದ ಮೇಲಿಟ್ಟು, ಪುಸ್ತಕ ತೆರೆದು, ತನ್ನ ಕಾಲಮ್ಮಿನಲ್ಲಿ ಗಂಟೆ ಎಷ್ಟೆಂದು ಹಾಕಿ ಬರೆದಳು: ಬೈದರು.