ಕಂತಿನ ಮಂಗಳವಾರ

"ನಿನ್ನ ಗಂಡನ್ನ ಮಾರಾಕ ಇಟ್ರ ಯಾವ ಸೂಳೆಮಗನೂ ತಗಳಾಂಗಿಲ್ಲ. ಮಗಳನ್ನರ ಕಳಸಬೇ. ಅಸಲು, ಬಡ್ಡಿ ಎಲ್ಲಾ ತೀರಿಸಿಬಿಡ್ತಾಳ."

ಮಂಗಳವಾರದ ಸಾಲದ ಕಂತು ವಸೂಲಿಗೆ ಬಂದ ಸಂಘದ ಸಾಹೇಬ ವಿರುಪಾಕ್ಷಿ ಇದನ್ನು ಮೆಲ್ಲಗೆ ಹೇಳಲಿಲ್ಲ. ಮುಕ್ಕುಂದದ ಆ ಓಣಿಯ ಕೊನೆಯ ಮನೆಗೂ ಕೇಳುವಂತೆ ಹೇಳಿದ. ಅಯ್ಯಮ್ಮನ ಅಂಗಳದಲ್ಲಿ, ತಗಡಿನ ನೆರಳಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಅವಳ ಗುಂಪಿನ ಹೆಂಗಸರೆಲ್ಲ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಕಟ್ಟುವ ತನಕ ಯಾರೂ ಮನೆಗೆ ಹೋಗುವಂತಿಲ್ಲ, ಒಲೆ ಹಚ್ಚುವಂತಿಲ್ಲ. ಅದು ಅವನ ಕಾನೂನು.

ಅಯ್ಯಮ್ಮ ಅವನ ಮುಂದೆ ನಿಂತಿದ್ದಳು. ಸೀರೆಯ ನೆರಿಗೆಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು.

"ಈ ವಾರ ನಮ್ಮನಿಯವರ ಸೂಜಿ ಹೊರಗಿಂದ ತರಾಕ ದವಾಖಾನ್ಯಾಗ ಹೇಳಿದ್ರು ರೀ. ಇದ್ದದ್ದೆಲ್ಲ ಅದಕ್ಕ ಹೋತು. ನಂಗೂ ಹೊಟ್ಯಾಗ ಗಡ್ಡಿ ಐತಂತ. ರಕ್ತ ನಿಲ್ಲವಲ್ದು. ಕೆಸರಾಗ ನಿಂತು ನಾಟಿ ಹಚ್ಚಾಕ ಆಗವಲ್ದು."

"ಎಲ್ಲೈತಿ ಗಡ್ಡಿ? ಸೀರಿ ಬಿಚ್ಚಿ ತೋರಸು, ನೋಡಾಮು."

ಯಾರೂ ತಲೆ ಎತ್ತಲಿಲ್ಲ. ಆಪರೇಷನ್ ಮಾಡಿಸಬೇಕೆಂದು ಡಾಕ್ಟರು ಹೇಳಿದ್ದನ್ನು ಅಯ್ಯಮ್ಮ ಅಲ್ಲಿಯವರೆಗೆ ಗಂಡನಿಗೂ ಹೇಳಿರಲಿಲ್ಲ. ಈಗ ಓಣಿಗೆಲ್ಲ ಹೇಳಿದಂತಾಯಿತು.

ಮಗಳು ನಂದಿನಿ ಲಿಂಗಸುಗೂರಿನ ಹಾಸ್ಟೆಲ್ಲಿನಲ್ಲಿ ಇದ್ದು ನರ್ಸಿಂಗ್ ಓದುತ್ತಿದ್ದಳು. ಹಿಂದಿನ ದಿನ ವಿರುಪಾಕ್ಷಿ ಅವಳಿಗೇ ಫೋನ್ ಮಾಡಿದ್ದ. ಏನಂದನೋ, ಹುಡುಗಿ ತಾಯಿಗೆ ಹೇಳಲಿಲ್ಲ. "ಯವ್ವಾ, ನಾ ಓದೂದು ಸಾಕು, ಊರಿಗೆ ಬಂದು ಕೂಲಿ ಮಾಡ್ತೀನಿ" ಎಂದು ಅತ್ತು ಫೋನ್ ಇಟ್ಟಿದ್ದಳು.

ಬಿಸಿಲು ನೆತ್ತಿಗೆ ಬಂತು. ವಿರುಪಾಕ್ಷಿ ಕರೀಮಾಬಿಯ ಕಡೆ ಕಾಲು ಚಾಚಿ ತೋರಿಸಿದ.

"ಏ ಸಾಬರಾಕಿ, ಎದ್ದು ಬಾ. ಈಕಿ ಸಲುವಾಗಿ ನೀ ಎಷ್ಟು ಸರ್ತಿ ಕಟ್ಟೀದಿ?"

"ಎರಡು ಸರ್ತಿ ರೀ."

"ಕಿವ್ಯಾಗಿಂದು ಒತ್ತಿ ಇಟ್ಟು ಕಟ್ಟೀದಿ. ಸೊಸಿ ಹಸಿ ಬಾಣಂತಿ, ಮನ್ಯಾಗ ಉಪಾಸ ಕುಂತಾಳ. ಸಿಟ್ಟು ಬರವಲ್ದೇನು? ಕೊಡು ಒಂದು ಈಕಿ ಕಪಾಳಕ್ಕ. ಕೊಟ್ರ ನೀ ಮನಿಗೆ ಹೋಗು."

ಕರೀಮಾಬಿ ಎದ್ದು ಬಂದಳು. ಇಬ್ಬರೂ ಒಂದೇ ಗದ್ದೆಯಲ್ಲಿ ಸಾಲು ಹಿಡಿದು ನಾಟಿ ಮಾಡಿದವರು. ಅವಳು ಅಯ್ಯಮ್ಮನ ಮುಖ ನೋಡಲಿಲ್ಲ. ಹೊಡೆದಳು. ಪೆಟ್ಟು ಜೋರಾಗಿಯೇ ಬಿತ್ತು. ತುಟಿ ಹಲ್ಲಿಗೆ ಸಿಕ್ಕು ಒಡೆಯಿತು. ಹೊಡೆದ ಮೇಲೆ ಕರೀಮಾಬಿ ಮನೆಗೆ ಹೋಗಲಿಲ್ಲ. ಅಲ್ಲೇ ಕುಸಿದು, ಸೆರಗು ಬಾಯಿಗೆ ತುರುಕಿಕೊಂಡಳು.

ಒಳಗಿಂದ ಅಯ್ಯಮ್ಮನ ಗಂಡ ದುರುಗೇಶ ಗೋಡೆ ಹಿಡಿದುಕೊಂಡು ಬಂದ. ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಅಕ್ಕಿ ಚೀಲ ಹೊತ್ತು ಲಾರಿ ತುಂಬಿಸುತ್ತಿದ್ದ ಹಮಾಲ. ಎರಡೂ ಕಿಡ್ನಿ ಹೋದ ಮೇಲೆ ಒಣಗಿ ಎಲುಬಾಗಿದ್ದ. ಆವತ್ತು ಬೆಳಿಗ್ಗೆಯೇ ಡಯಾಲಿಸಿಸ್ ಮುಗಿಸಿ ಬಂದಿದ್ದ. ರಕ್ತ ಜೋರಾಗಿ ಹರಿಯಲೆಂದು ಡಾಕ್ಟರು ಕೊಯ್ದು ಜೋಡಿಸಿದ್ದ ಎಡಗೈಯ ನರ, ಸೂಜಿ ಚುಚ್ಚಿದ ಜಾಗದಲ್ಲಿ ಹಗ್ಗದಂತೆ ಉಬ್ಬಿತ್ತು. ಅದರ ಮೇಲೆ ಬಿಳಿ ಪಟ್ಟಿ.

"ಸಾಹೇಬ್ರ, ಬೈಯೂದಿದ್ರ ನನಗ ಬೈರಿ. ಸಾಲ ಮಾಡಿದ್ದು ನನ್ನ ಜೀವಕ್ಕ."

"ನೀ ಇನ್ನಾ ಸತ್ತಿಲ್ಲೇನಲೇ? ಸತ್ತಿದ್ರ ಇನ್ಸೂರೆನ್ಸಿನಾಗರ ಜಮಾ ಆಗತಿತ್ತು." ವಿರುಪಾಕ್ಷಿ ಕುರ್ಚಿ ಒದ್ದು ಎದ್ದ. "ಹೊರಗ ನಡಿ. ಮನಿಗೆ ಕೀಲಿ ಹಾಕ್ತೀನಿ."

ದುರುಗೇಶ ಬಾಗಿಲ ಚೌಕಟ್ಟು ಹಿಡಿದುಕೊಂಡ. ವಿರುಪಾಕ್ಷಿ ಅವನ ಎಡಗೈಗೇ ಕೈ ಹಾಕಿದ.

"ಆ ಕೈ ಬ್ಯಾಡ ರೀ! ಆ ಕೈ ಬ್ಯಾಡ!" ಅಯ್ಯಮ್ಮ ಓಡಿದಳು.

ಅವನು ತಿರುವಿ ಜಗ್ಗಿದ. ಪಟ್ಟಿ ಕಿತ್ತು ಬಂತು. ಮೋಟರಿನ ಪೈಪು ಒಡೆದಂತೆ ರಕ್ತ ಚಿಮ್ಮಿ ಗೋಡೆಗೆ ಹೊಡೆಯಿತು. ದುರುಗೇಶ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಾ ಹೊಸ್ತಿಲ ಮೇಲೆ ಕೂತುಬಿಟ್ಟ.

ಮೊದಲು ಹೋಗಿ ಒತ್ತಿ ಹಿಡಿದವಳು ಕರೀಮಾಬಿ. ಸೆರಗು ಕೆಂಪಾಯಿತು, ರಕ್ತ ಅವಳ ಮೊಣಕೈವರೆಗೆ ಇಳಿಯಿತು. ಯಾರೋ ನೂರಾ ಎಂಟಕ್ಕೆ ಫೋನ್ ಹಚ್ಚಿದರು. ಗಾಡಿ ಮಸ್ಕಿ ಕಡೆ ಹೋಗಿದೆ, ಬರಲು ತಡವಾಗುತ್ತದೆ ಎಂದರು.

ವಿರುಪಾಕ್ಷಿ ಬೈಕಿನ ಕಡೆ ಸರಿಯುತ್ತಿದ್ದ. ಅವನನ್ನು ನೋಡಿದವಳು ಮುದುಕಮ್ಮ. ಗುಂಪಿನಲ್ಲೇ ಹಿರಿಯಳು, ಬೆಳಗಿನಿಂದ ಬಾಯಿ ಬಿಟ್ಟಿರಲಿಲ್ಲ. ಅಂಗಳದ ಕಲ್ಲೆತ್ತಿ ಅವನ ಬೆನ್ನಿಗೆ ಹೊಡೆದಳು. ಬೈಕಿನ ಸಮೇತ ಬಿದ್ದ. ಆಮೇಲೆ ಹೆಂಗಸರೆಲ್ಲ ಒಮ್ಮೆಲೇ ಮೇಲೆ ಬಿದ್ದರು. ಚಪ್ಪಲಿ, ಕಸಬರಿಗೆ, ಬರಿಗೈ. ಅವನ ಮೂಗು ಒಡೆಯಿತು. ಅಂಗಿ ಹರಿಯಿತು. "ಯವ್ವಾ, ಯವ್ವಾ" ಎಂದು ಅವರನ್ನೇ ಕರೆದ. ಮುದುಕಮ್ಮ ಮತ್ತೊಂದು ಕಲ್ಲೆತ್ತಿ ಅವನ ತಲೆಯ ಮೇಲೆ ಹಿಡಿದಳು.

"ಬಿಡಬೇ ಯವ್ವಾ," ಅಯ್ಯಮ್ಮ ಕೂಗಿದಳು. ಸೂರಿಗೆ ಸಿಕ್ಕಿಸಿದ್ದ ಕುಡಗೋಲು ಅವಳ ಕೈಯಲ್ಲಿತ್ತು. "ಕೊಲ್ಲಬ್ಯಾಡ. ಇವನ ಕೈ ಬೇಕಾಗೈತಿ."

ಕರೀಮಾಬಿಯ ಹಿಡಿತಕ್ಕೆ ನಿಲ್ಲದೆ ಬೆರಳ ಸಂದಿಯಿಂದ ರಕ್ತ ಜಿನುಗುತ್ತಲೇ ಇತ್ತು. ಅಯ್ಯಮ್ಮ ವಿರುಪಾಕ್ಷಿಯ ಕಾಲರ್ ಹಿಡಿದು ಎಳೆತಂದು ಗಂಡನ ಪಕ್ಕಕ್ಕೆ ಕೆಡವಿದಳು.

"ಒತ್ತಿ ಹಿಡಿ."

ಅವನು ಕೈ ಹಿಂದಕ್ಕೆ ಎಳೆದುಕೊಂಡ. ಈ ಓಣಿಯಲ್ಲಿ ಅವನು ಒಂದು ದಿನವೂ ನೀರು ಕುಡಿದವನಲ್ಲ. ಕುಡಗೋಲು ಅವನ ಕಿವಿಯ ಕೆಳಗೆ ಕೂತಿತು. ಚರ್ಮ ತುಸು ಬಿಚ್ಚಿತು.

ಹಿಡಿದ.

ಕರೀಮಾಬಿಯ ಗಂಡ ಹುಸೇನ್‌ಸಾಬ್ ಆಟೋ ತಂದು ನಿಲ್ಲಿಸಿದ. ಮೂವರನ್ನೂ ಹಾಗೇ ಒಳಗೆ ತುಂಬಿದರು. ದುರುಗೇಶನ ತಲೆ ಅಯ್ಯಮ್ಮನ ತೊಡೆಯ ಮೇಲೆ, ಕೈ ವಿರುಪಾಕ್ಷಿಯ ಎರಡೂ ಅಂಗೈಗಳ ನಡುವೆ, ಕುಡಗೋಲು ವಿರುಪಾಕ್ಷಿಯ ಕುತ್ತಿಗೆಯ ಮೇಲೆ. ಆಟೋ ಗುಂಡಿಗೆ ಬಿದ್ದಾಗಲೆಲ್ಲ ಕುಡಗೋಲು ಅಲುಗುತ್ತಿತ್ತು. ಎರಡೂ ಕಡೆ ಆಗತಾನೆ ನಾಟಿ ಮಾಡಿದ ಗದ್ದೆ, ಕಾಲುವೆ ತುಂಬ ನೀರು.

"ಯಕ್ಕಾ, ಕೈ ಸೋತಾವ..."

"ಬಿಟ್ಟಿ ಅಂದ್ರ ಇಲ್ಲೇ ಹಾಕಿ ಕೊಯ್ತೀನಿ."

ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ನಿಂತು ಮತ್ತೆ ಹೊಡೆದುಕೊಂಡಿತು. ಅಯ್ಯಮ್ಮ ತೆಗೆದು ಒತ್ತಿದಳು.

"ಏನಲೇ, ಎಷ್ಟಾತು ಮುಕ್ಕುಂದದಾಗ?" ಮ್ಯಾನೇಜರನ ದನಿ.

"ವಸೂಲಿ ನಡದೈತ್ರಿ," ಎಂದು ಫೋನನ್ನು ಕಾಲುವೆಗೆ ಎಸೆದಳು.

ಸಿಂಧನೂರಿನ ಸರ್ಕಲ್ಲಿನಲ್ಲಿ ಭತ್ತದ ಲಾರಿಗಳು ಅಡ್ಡಡ್ಡ ನಿಂತಿದ್ದವು. ಹುಸೇನ್‌ಸಾಬ್ ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಯಾರೂ ಸರಿಯಲಿಲ್ಲ. ಅಯ್ಯಮ್ಮನ ಕಾಲ ಕೆಳಗೆ ಎರಡು ರಕ್ತ ಹರಿದು ಒಂದಾಗಿದ್ದವು, ಗಂಡನದು ಮತ್ತು ಅವಳದು. ಚಹಾ ಕುಡಿಯುತ್ತಿದ್ದವರು ಆಟೋದ ಒಳಗೆ ಬಗ್ಗಿ ನೋಡಿ, ಲೋಟ ಹಿಡಿದೇ ಹಿಂದಕ್ಕೆ ಸರಿದರು.

"ಯವ್ವಾ," ವಿರುಪಾಕ್ಷಿ ಅಂದ, "ರಕ್ತ ನಿಂತೈತಿ. ಈತನ ಕೈ ತಣ್ಣಗಾಗೈತಿ. ಉಸಿರು ಐತೇನು ನೋಡಬೇ."

ಅಯ್ಯಮ್ಮ ಕೆಳಗೆ ನೋಡಲಿಲ್ಲ.

"ಒತ್ತು," ಎಂದಳು.