ಬೆಸುಗೆಯ ಸಂದು ಬದಲಾದಾಗ

ಶೇಂಗಾ ಕೀಳುವ ಕಾಲ ಬಂತೆಂದರೆ ಕೊಟ್ಟೂರಿನ ದುರುಗಪ್ಪನ ವೆಲ್ಡಿಂಗ್ ಶಾಪಿನ ಮುಂದೆ ಟ್ರೇಲರುಗಳು ಸಾಲುಗಟ್ಟುತ್ತಿದ್ದವು. ಎಲ್ಲರಿಗೂ ನಾಳೆಯೇ ಬೇಕು. ಆ ವರ್ಷ ವೆಲ್ಡಿಂಗ್ ರಾಡು ಸಿಗುವುದೂ ಕಷ್ಟವಾಗಿತ್ತು.

ದುರುಗಪ್ಪ ಒಂದು ಉಪಾಯ ಹುಡುಕಿದ. ಎರಡು ದಪ್ಪ ಪ್ಲೇಟುಗಳನ್ನು ಕೂಡಿಸುವಾಗ ಅಂಚುಗಳನ್ನು ಓರೆಯಾಗಿ ತೇಯ್ದು, ನಡುವಿನ ಅಗಲವಾದ ಸಂದನ್ನು ಬೆಸುಗೆಯಿಂದ ತುಂಬುವುದು ಅವನ ರೂಢಿ. ಈಗ ಓರೆ ಕಡಿಮೆ ಮಾಡಿ ಸಂದನ್ನು ಕಿರಿದಾಗಿಸಿದ. ರಾಡೂ ಉಳಿಯಿತು, ಹೊತ್ತೂ ಉಳಿಯಿತು. ಮೇಲಿನಿಂದ ನೋಡಿದರೆ ಬೆಸುಗೆ ಮೊದಲಿನಷ್ಟೇ ಚೆಂದ.

ಹಾಗೆ ಮಾಡಿದ ಮೊದಲ ಕೆಲಸ ಕರಿಸಿದ್ದಪ್ಪನ ಟ್ರೇಲರಿನ ಮೂಕಿ. ಟ್ರ್ಯಾಕ್ಟರಿಗೆ ಕೊಂಡಿ ಹಾಕುವ ಆ ಮೂಕಿಗೆ ಬಣ್ಣ ಬಳಿಯಬೇಕು, ಅಷ್ಟರಲ್ಲಿ ಗೆಳೆಯ ಪಾಲಣ್ಣ ಬಂದ. ಅವನು ಹೊಸಪೇಟೆ ಕಡೆಯ ಕಾರ್ಖಾನೆಯೊಂದರಲ್ಲಿ ವೆಲ್ಡರ್. ರಜೆಗೆ ಊರಿಗೆ ಬಂದಿದ್ದ. ಪಕ್ಕದಲ್ಲಿ ಬೆಸೆಯಲು ತೇಯ್ದಿಟ್ಟಿದ್ದ ಪ್ಲೇಟುಗಳ ಅಂಚು ನೋಡಿ ಕೇಳಿದ:

"ಸಂದು ಕಿರಿದು ಮಾಡೀಯಲ್ಲಲೇ. ಪರೀಕ್ಷೆ ಮಾಡಿ ನೋಡೀಯೇನು?"

"ಮೀಸಿ ಬರೋಕಿಂತ ಮುಂಚಿಂದ ಬೆಸಿಗಿ ಹಾಕೀನಿ. ನನಗೇನು ಪರೀಕ್ಷೆ ಅಣ್ಣ?"

"ನಿನಗಲ್ಲ, ಸಂದಿಗೆ. ನಿನ್ನ ಕೈ ಅದೇ ಐತಿ, ಸಂದು ಬ್ಯಾರೆ ಆಗೇತಿ. ಹಳೇ ಸಂದಿಗೆ ಹೊಂದಿದ ರಾಡು, ಕರೆಂಟು ಇದಕ್ಕ ಹೊಂದತಾವ ಅಂತ ಹೆಂಗ ಹೇಳ್ತಿ? ನಮ್ಮಲ್ಲಿ ಸಂದು ಬದಲಾತಂದ್ರ ಮೊದಲು ತುಂಡಿನ ಮ್ಯಾಲೆ ಹಾಕಿ ಬಗ್ಗಿಸಿ ನೋಡ್ತಾರ. ಆಮ್ಯಾಲೆ ಕೆಲಸಕ್ಕ ಕೈ ಹಚ್ಚೋದು."

"ಅದು ಕಾರ್ಖಾನಿ ಮಾತು. ಇಲ್ಲಿ ಕರಿಸಿದ್ದಪ್ಪ ಬಾಗಿಲಾಗ ನಿಂತಾನ."

ಬುತ್ತಿ ತಂದಿದ್ದ ದುರುಗಪ್ಪನ ಹೆಂಡತಿ ಜಂಬಮ್ಮ ಅಲ್ಲೇ ಇದ್ದಳು. "ಅಲ್ರೀ, ನಾಳಿ ನಾವು ಹೆಣ್ಮಕ್ಕಳೆಲ್ಲ ಶೇಂಗಾ ಕೀಳಾಕ ಇದೇ ಟ್ರೇಲರಿನ್ಯಾಗ ಹೋಗೋರು. ಕೆರಿ ಏರಿ ಮ್ಯಾಲೆ ಮೂಕಿ ಮುರಿದ್ರ ಏನು ಗತಿ? ಒಂದು ತುಂಡು ಬಗ್ಗಿಸಿ ನೋಡ್ರಲ್ಲ."

ದುರುಗಪ್ಪ ಬಣ್ಣದ ಡಬ್ಬಿ ಬದಿಗಿಟ್ಟ. ಅದೇ ದಪ್ಪದ ಎರಡು ತುಂಡು ತೆಗೆದುಕೊಂಡು, ಅದೇ ಕಿರಿದಾದ ಸಂದು ಮಾಡಿ ಬೆಸೆದ. ಆರಿದ ಮೇಲೆ ಒಂದು ಪಟ್ಟಿ ಕೊಯ್ದು, ಬೆಸುಗೆಯ ಬುಡ ಹೊರಮಗ್ಗುಲಿಗೆ ಬರುವಂತೆ ಬಿಗಿಹಿಡಿಯುವ ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಹೊಡೆದ. ಪಟ್ಟಿ ಬಾಗುವ ಮೊದಲೇ ಸೀಳಿತು. ಒಳಗೆ ಕರಿ ಕಿಟ್ಟ ಕೂತಿತ್ತು. ಬುಡದಲ್ಲಿ ಕಬ್ಬಿಣ ಕರಗಿರಲೇ ಇಲ್ಲ. ತೇಯ್ದ ಗೆರೆಗಳು ಹಾಗೇ ಇದ್ದವು. ದುರುಗಪ್ಪ ಅದನ್ನು ಕರಿಸಿದ್ದಪ್ಪನ ಕೈಗಿಟ್ಟ.

ಕರಿಸಿದ್ದಪ್ಪ ಆ ತುಂಡನ್ನು ತಿರುಗಿಸಿ ನೋಡಿದ. "ತಡ ಆದ್ರ ಆಗ್ಲಿ ತಗೋ. ಸರಿ ಮಾಡಿ ಕೊಡು," ಎಂದ.

ದುರುಗಪ್ಪ, ಪಾಲಣ್ಣ ಸೇರಿ ಹೊಸ ತುಂಡುಗಳ ನಡುವೆ ಬುಡದಲ್ಲಿ ಸ್ವಲ್ಪ ಎಡೆ ಬಿಟ್ಟು, ಬೆಸುಗೆಯ ಮೊದಲ ಪದರಕ್ಕೆ ಸಣ್ಣ ರಾಡು ಹಿಡಿದು ನೋಡಿದರು. ಮತ್ತೆ ಬಿರುಕು. ಓರೆಯನ್ನು ಒಂದಿಷ್ಟು ಹೆಚ್ಚಿಸಿ, ಕರೆಂಟು ಹೊಂದಿಸಿದರು. ಈ ಸಲ ಪಟ್ಟಿಗಳು ಲಾಳದಂತೆ ಬಾಗಿದವು, ಎಲ್ಲಿಯೂ ಬಾಯಿ ಬಿಡಲಿಲ್ಲ. ಯಾವ ಓರೆ, ಎಷ್ಟು ಎಡೆ, ಎಂಥ ರಾಡು, ಎಷ್ಟು ಕರೆಂಟು ಎಂಬುದನ್ನು ದುರುಗಪ್ಪ ಗೋಡೆಯ ಮೇಲೆ ಬರೆದಿಟ್ಟ. ಮೂಕಿಯ ಬೆಸುಗೆಯನ್ನು ಪೂರಾ ಕೊಯ್ದು ತೆಗೆದು, ಹೊಸದಾಗಿ ಹಾಕಿದ.

ಒಂದು ದಿನ ತಡವಾಗಿ ಟ್ರೇಲರು ಹೆಂಗಸರನ್ನು ಹೊತ್ತು ಕೆರೆಯ ಏರಿ ದಾಟಿತು. ಜಂಬಮ್ಮ ಮುಂದಿನ ಮೂಲೆಯಲ್ಲೇ ಕೂತಿದ್ದಳು.

ಬೆಸುಗೆ ಹಾಕುವ ಅಣ್ಣತಮ್ಮಂದಿರೇ, ಸಂದಿನ ಆಕಾರ ಬದಲಾಯಿಸುವುದು ತಪ್ಪಲ್ಲ. ಪರೀಕ್ಷಿಸದೆ ಬದಲಾಯಿಸಬೇಡಿ. ಮೊದಲು ತುಂಡಿನ ಮೇಲೆ ಹಾಕಿ, ಬಗ್ಗಿಸಿ, ಗೆದ್ದ ಕ್ರಮವನ್ನು ಬರೆದಿಟ್ಟು ಅದರಂತೆಯೇ ನಡೆಯಿರಿ. ಕೆಲಸ ಕೊಡುವವರೇ, ಆ ತುಂಡನ್ನು ಕೇಳಿ ನೋಡಿ. ಸೀಳುವುದಿದ್ದರೆ ಬೆಸುಗೆ ವೈಸಿನಲ್ಲಿ ಸೀಳಲಿ, ಜನ ಕೂತ ಗಾಡಿಯಲ್ಲಿ ಬೇಡ.