ಎರಡನೇ ದಿನದ ಮುಯ್ಯಾಳು

ಮಂಗಳವಾರ ಹುಳ ಹಣ್ಣಾಗಬೇಕು, ಬುಧವಾರ ಸಂದರ್ಶನ. ಲತಾಮಣಿ ಹಾಗೆ ಲೆಕ್ಕ ಹಾಕಿಯೇ ದಿನ ಒಪ್ಪಿಕೊಂಡಿದ್ದಳು. ಹಣ್ಣಾದ ರೇಷ್ಮೆಹುಳ ಸೊಪ್ಪು ಬಿಟ್ಟು ತಲೆಯೆತ್ತಿ ನಿಲ್ಲುತ್ತದೆ. ಆಗ ಒಂದೊಂದನ್ನೂ ಆಯ್ದು, ಗೂಡು ಕಟ್ಟಲು ಬಿದಿರು ಹೆಣೆದ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ತಡವಾದರೆ ಸೊಪ್ಪಿನ ಕಡ್ಡಿಗಳ ನಡುವೆಯೇ ಗೂಡು ಕಟ್ಟಿಬಿಡುತ್ತದೆ, ಆ ಗೂಡನ್ನು ರಾಮನಗರದ ಮಾರುಕಟ್ಟೆಯಲ್ಲಿ ಯಾರೂ ಮೂಸುವುದಿಲ್ಲ. ಅದಕ್ಕೇ ಅಕ್ಕೂರಿನಲ್ಲಿ ಯಾರ ಮನೆಯ ಹುಳ ಹಣ್ಣಾದರೂ ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಕೂರುತ್ತಾರೆ. ಕೂಲಿ ಇಲ್ಲ. ಇವತ್ತು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು. ಅದೇ ಮುಯ್ಯಾಳು.

ಎರಡು ವರ್ಷದ ಹಿಂದೆ ಗಂಡ ಮನೋಹರ್ ಮಾಗಡಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ಲತಾಮಣಿ ಮಾತು ಬಿಟ್ಟವಳಂತೆ ಇದ್ದಳು. ಅಳಲಿಲ್ಲ, ತವರಿಗೂ ಹೋಗಲಿಲ್ಲ. ಅತ್ತೆ ಬೋರಮ್ಮ ತಟ್ಟೆ ಮುಂದಿಟ್ಟರೆ ಉಂಡಳು. ಊರಲ್ಲಿ ಯಾರ ಮನೆಯ ಹುಳ ಹಣ್ಣಾದರೂ ಕರೆಯದಿದ್ದರೂ ಹೋಗಿ ಆಯುತ್ತ ಕೂತಳು. ಅಲ್ಲಿ ಕೈಗೆ ಕೆಲಸವಿತ್ತು, ಬಾಯಿಗೆ ಇರಲಿಲ್ಲ. ಹೆಂಗಸರೂ ಅವಳನ್ನು ಮಾತಿಗೆ ಎಳೆಯಲಿಲ್ಲ. ಟೀ ಲೋಟವನ್ನು ಅವಳ ಪಕ್ಕಕ್ಕೆ ಸರಿಸಿ ತಮ್ಮ ಪಾಡಿಗೆ ಹುಳ ಆಯುತ್ತಿದ್ದರು.

ಅವಳನ್ನು ಬಿಡದೆ ಕೆಣಕಿದವಳು ಇಸ್ಮತ್ ಒಬ್ಬಳೇ. ಎಂ.ಎ.ಯಲ್ಲಿ ಒಂದೇ ಬೆಂಚು. ಈಗ ರಾಮನಗರದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಾಳೆ.

"ಪಿಎಚ್‌ಡಿ ಮಾಡು ಲತಾ."

"ಕೋರ್ಸ್‌ವರ್ಕ್ ಅಂತ ತಿಂಗಳುಗಟ್ಟಲೆ ಬೆಂಗಳೂರಿಗೆ ಹೋಗ್ಬೇಕು. ಇಲ್ಲಿ ಹುಳಕ್ಕೆ ಸೊಪ್ಪು ಹಾಕೋರು ಯಾರು?"

"ಕೂತಲ್ಲೇ ಮಾಡೋದು ಹುಡುಕೋಣ."

ಹುಡುಕಲು ಹೊರಟರೆ ಮೊದಲು ಸಿಕ್ಕಿದ್ದು ಜಾಹೀರಾತಿನ ಮನುಷ್ಯ. "ನೀವು ಏನೂ ಬರೆಯೋದೇ ಬೇಡ ಮೇಡಂ, ಪ್ರಬಂಧ ನಮ್ದೇ. ಗೌನ್ ಫ್ರೀ. ಫೋಟೋಗೆ ಹಾರಾನೂ ಫ್ರೀ" ಎಂದು ಫೋನಿನಲ್ಲಿ ಒದರಿದ. ಇಸ್ಮತ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಫೋಟೋಗೆ ಹಾರ ಹಾಕೋಕೆ ನಾವಿನ್ನೂ ಬದುಕಿದ್ದೀವಿ ಅಂತ ಹೇಳೇ!" ಅಂದವಳು ಮರುಗಳಿಗೆ ನಾಲಿಗೆ ಕಚ್ಚಿಕೊಂಡಳು. ಆದರೆ ಲತಾಮಣಿಯೂ ನಕ್ಕುಬಿಟ್ಟಿದ್ದಳು. ಒಳಗೆ ರಾಗಿ ಕೇರುತ್ತಿದ್ದ ಬೋರಮ್ಮ ಮೊರ ನಿಲ್ಲಿಸಿ ಆ ನಗೆಯನ್ನು ಕೇಳಿಸಿಕೊಂಡಳು.

ಕೊನೆಗೆ ಇಸ್ಮತ್ ಒಂದನ್ನು ಹುಡುಕಿಯೇ ತೆಗೆದಳು. ಕಡಲಾಚೆಯ ವಿಶ್ವವಿದ್ಯಾಲಯ. ತರಗತಿ ಇಲ್ಲ, ಪರೀಕ್ಷೆ ಇಲ್ಲ, ಬರೀ ಸಂಶೋಧನೆ. ಮಾರ್ಗದರ್ಶಕರ ಜೊತೆ ವಿಡಿಯೋದಲ್ಲೇ ಮಾತು. ವರ್ಷದ ಶುಲ್ಕವೂ ಒಂದು ಬೆಳೆ ಗೂಡಿನಲ್ಲಿ ಹೊಂದಿಸುವಷ್ಟು.

"ಇಲ್ಲಿ ಲೆಕ್ಚರರ್ ಕೆಲಸಕ್ಕೆ ಇದು ನಡೆಯುತ್ತೆ ಅಂತ ನಂಬ್ಕೋಬೇಡ ಕಣೇ. ಮೊದಲೇ ಹೇಳಿರ್ತೀನಿ."

"ಕೆಲಸಕ್ಕಲ್ಲ."

"ಮತ್ತೆ?"

"ಏನನ್ನಾದ್ರೂ ಪೂರ್ತಿ ತಿಳ್ಕೋಬೇಕು ಅನ್ನಿಸ್ತಿದೆ. ಇಷ್ಟು ದಿನ ಅದೂ ಅನ್ನಿಸ್ತಿರಲಿಲ್ಲ."

ಮುಯ್ಯಾಳಿನ ಮೇಲೆಯೇ ಸಂಶೋಧನಾ ಪ್ರಸ್ತಾವ ಬರೆದು ಕಳಿಸಿದಳು. ಒಂದು ದಿನ ಮುಂಜಾನೆ ಉತ್ತರ ಬಂತು: ಮುಂದಿನ ಬುಧವಾರ ಸಂದರ್ಶನಕ್ಕೆ ಸಿದ್ಧರಾಗಿ, ತಪ್ಪಿದರೆ ಮುಂದಿನ ವರ್ಷವೇ.

ಅಂದು ಹುಳಗಳು ನಾಲ್ಕನೇ ಜ್ವರದಿಂದ ಏಳುವ ದಿನ. ಹುಳ ಪೊರೆ ಕಳಚುವಾಗ ಸೊಪ್ಪು ತಿನ್ನದೆ ಅಲ್ಲಾಡದೆ ಇರುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ. ಎಲ್ಲ ಎದ್ದ ಮೇಲೆಯೇ ಸೊಪ್ಪು ಹಾಕಬೇಕು, ಇಲ್ಲವಾದರೆ ಮೊದಲೆದ್ದವು ತಿಂದು ಮುಂದೆ ಹೋಗುತ್ತವೆ, ಉಳಿದವು ಹಿಂದೆ ಬೀಳುತ್ತವೆ. ಲತಾಮಣಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೆ ಅವಳ ಕಣ್ಣು ಫೋನಿನ ಮೇಲಿತ್ತು. ಮುಂದಿನ ಸಾಲು ಎದ್ದದ್ದನ್ನು ನೋಡಿ ಎಲ್ಲಕ್ಕೂ ಸೊಪ್ಪು ಹರಡಿ, ಉತ್ತರ ಬರೆಯಲು ಓಡಿದಳು.

ಮಾಡಿದ್ದು ಮಂಗಳವಾರ ತಿಳಿಯಿತು. ಮುಯ್ಯಾಳುಗಳು ಬಂದು ಕೂತರೆ ಅರ್ಧ ಹುಳ ಹಣ್ಣಾಗಿವೆ, ಅರ್ಧ ಇನ್ನೂ ಚರಚರ ಸೊಪ್ಪು ತಿನ್ನುತ್ತಿವೆ. ಅವು ಹಣ್ಣಾಗುವುದು ಬುಧವಾರವೇ. ಮುಯ್ಯಿಯ ಒಂದು ದಿನ ಅಲ್ಲಿಗೆ ಮುಗಿದಿತ್ತು. ಎರಡನೇ ದಿನ ಕರೆಯುವ ರೂಢಿ ಊರಲ್ಲಿಲ್ಲ.

ಸಂಜೆ ಲತಾಮಣಿ ತಲೆ ತಗ್ಗಿಸಿ ನಿಂತಳು. "ಅತ್ತೆ, ನಾಳೆ ನಾನು ಹುಳದ ಮನೇಲೇ ಇರ್ತೀನಿ. ಅದನ್ನ ಮುಂದಿನ ವರ್ಷ ನೋಡಿಕೊಂಡ್ರಾಯ್ತು."

"ಹುಳ ಮುಂದಿನ ತಿಂಗಳು ಇನ್ನೊಂದು ಬೆಳೆ ಬತ್ತವೆ. ನೀನು ಒಂದ್ಸಲ ಎದ್ದು ಕೂತಿದ್ದೀಯ, ಮತ್ತೆ ಮಲಗ್ಬೇಡ" ಎಂದ ಬೋರಮ್ಮ ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದಳು. ತಪ್ಪು ತನ್ನದು, ಬಾಗಿಲು ಬಾಗಿಲಿಗೆ ಹೋಗಿ ಕೇಳುವವಳು ಅತ್ತೆ. ಲತಾಮಣಿಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು.

ಬೆಳಗ್ಗೆ ಪಕ್ಕದ ಮನೆಯ ಮಾರಮ್ಮ ಮುಂದೆ, ಉಳಿದ ಮುಯ್ಯಾಳುಗಳು ಹಿಂದೆ. ನಿನ್ನೆಗಿಂತ ಜನ ಹೆಚ್ಚೇ ಇದ್ದರು.

"ಏನಮ್ಮಿ ಡಾಕ್ಟ್ರಮ್ಮ, ನಮ್ಮನೆ ಹುಳಾನೂ ಜ್ವರಕ್ಕೆ ಕೂತವೆ. ಒಸಿ ಬಂದು ನಾಡಿ ನೋಡೀಯಾ?"

"ಮೊದ್ಲು ನಿನ್ನ ನಾಲಿಗೆ ನೋಡ್ಬೇಕು ಕಣ್ ಮಾರಿ" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು.

"ಅಕ್ಕ, ಇವತ್ತಿನ ಮುಯ್ಯಿ ನಾನೇ ತೀರಿಸ್ತೀನಿ" ಎಂದಳು ಲತಾಮಣಿ.

ಮಾರಮ್ಮನ ಮುಖ ಬದಲಾಯಿತು. "ನೀನು ತೀರ್ಸೋದಾ? ಕರೀದಿದ್ರೂ ಬಂದು ಕೂತು ಆಯ್ದುಕೊಟ್ಟು, ಒಂದು ಮಾತೂ ಆಡ್ದೆ ಎದ್ದೋಗ್ತಿದ್ಯಲ್ಲ, ಅದನ್ನ ನಾವೆಂಗೆ ತೀರ್ಸೋದು ಅಂತ ನಾವೇ ಯೋಚ್ನೆ ಮಾಡ್ತಿದ್ದೋ. ಹೋಗು, ಮೊಕ ತೊಳ್ಕೊ."

ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ. ತೆರೆಯ ಆಚೆ ನರೆಗೂದಲಿನ ಪ್ರೊಫೆಸರ್ ಒಬ್ಬರು ಕನ್ನಡಕ ಸರಿಪಡಿಸಿಕೊಂಡು ಇಂಗ್ಲಿಷಿನಲ್ಲಿ ಕೇಳಿದರು: "ದಿನಕ್ಕೆ ದಿನ, ಸರಿಸಮ ಎಂದು ಬರೆದಿದ್ದೀರಿ. ಯಾವಾಗಲೂ ಸರಿಸಮವೇ?"

ಕೆಳಗೆ ಹುಳದ ಮನೆಯಲ್ಲಿ ಗುಸುಗುಸು. "ಶ್, ಅವ್ಳು ಮಾತಾಡ್ತಾವ್ಳೆ" ಎಂದು ಮಾರಮ್ಮ ಗದರಿದ್ದು ಮೇಲಿನವರೆಗೂ ಕೇಳಿಸಿತು.

ಸಿದ್ಧಮಾಡಿಕೊಂಡಿದ್ದ ಉತ್ತರವನ್ನು ಲತಾಮಣಿ ಕೈಬಿಟ್ಟಳು. "ಅಲ್ಲ. ನಾನು ಬರೆದದ್ದು ತಪ್ಪು. ಇವತ್ತು ಬೆಳಗ್ಗೆಯವರೆಗೆ ನನಗೇ ತಿಳಿದಿರಲಿಲ್ಲ" ಎಂದಳು. ತಾನು ಆತುರಕ್ಕೆ ಸೊಪ್ಪು ಹಾಕಿ ಕೆಡಿಸಿದ್ದು, ಅತ್ತೆ ಬೀದಿಗಿಳಿದದ್ದು, ಬರಬೇಕಿಲ್ಲದ ಹೆಂಗಸರು ಈಗ ಕೆಳಗೆ ಕೂತಿರುವುದು, ಎಲ್ಲವನ್ನೂ ಹೇಳಿದಳು. ಇಷ್ಟು ಉದ್ದ ಮಾತಾಡಿ ಎಷ್ಟು ಕಾಲವಾಗಿತ್ತೋ! "ಇಲ್ಲಿ ಯಾರು ಯಾರಿಗೆ ಬಾಕಿ ಎಂಬುದು ನನಗೆ ಗೊತ್ತಿಲ್ಲ. ಅದನ್ನೇ ತಿಳಿಯಬೇಕು."

ಪ್ರೊಫೆಸರ್ ಬರೆದುಕೊಳ್ಳುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. "ಹಾಗಾದರೆ ಅಲ್ಲಿಂದಲೇ ಶುರುಮಾಡೋಣ. ನಾನು ನಿಮ್ಮನ್ನು ತೆಗೆದುಕೊಳ್ಳುತ್ತೇನೆ."

ಲತಾಮಣಿ ಕೆಳಗಿಳಿದು ಬಂದಾಗ ಆಯುತ್ತಿದ್ದ ಕೈಗಳೆಲ್ಲ ನಿಂತವು.

"ಏನಂದ್ರು ಮಗ?" ಎಂದಳು ಬೋರಮ್ಮ.

"ಇಲ್ಲೇ ಇದ್ದುಕೊಂಡು ಓದು ಅಂದ್ರು ಅತ್ತೆ."

ಮಾರಮ್ಮ ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಗೆ ಬಿಟ್ಟು, "ಟೀ ಕಾಸ್ರೇ ಯಾರಾದ್ರೂ" ಎಂದು ಕೂಗಿದಳು. ಬೋರಮ್ಮ ಪಕ್ಕಕ್ಕೆ ಸರಿದು ಸೊಸೆಗೆ ಜಾಗ ಮಾಡಿದಳು. ಲತಾಮಣಿ ಕೂತು ತಲೆಯೆತ್ತಿ ನಿಂತಿದ್ದ ಹುಳವೊಂದನ್ನು ಎತ್ತಿಕೊಂಡಳು. ಕಣ್ಣು ತುಂಬಿ ಹುಳ ಮಸುಕಾಯಿತು. ಎರಡು ವರ್ಷದಲ್ಲಿ ಅದೇ ಮೊದಲು.

ಬೋರಮ್ಮ ಅದನ್ನು ನೋಡಿಯೂ ನೋಡದವಳಂತೆ ತನ್ನ ಪಾಡಿಗೆ ಆಯುತ್ತ, ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದಳು:

"ಮುಂದಿನ ಬೆಳೇಲಿ, ಎಲ್ಲಾ ಎದ್ದಮ್ಯಾಕೆ ಸೊಪ್ಪು ಹಾಕವ್ವ."